ಸೆಕೆಂಡ್ ಹ್ಯಾಂಡ್ ಎಂಎಕ್ಸ್-5 ತಗೊಳ್ಳೋ ಮುಂಚೆ: ತುಕ್ಕು ಎಲ್ಲೆಲ್ಲಿ ಕೂತಿರತ್ತೆ, ಹೆಂಗೆ ಹುಡುಕೋದು

ಯುಕೆಗೆ ಕೆಲಸಕ್ಕೆ ಬಂದ ನಮ್ಮೋರಲ್ಲಿ ಕಾರ್ ಹುಚ್ಚಿರೋರಿಗೆ ಒಂದಲ್ಲ ಒಂದಿನ ಮಾಜ್ದಾ ಎಂಎಕ್ಸ್-5 ಕಣ್ಣಿಗೆ ಬಿದ್ದೇ ಬೀಳತ್ತೆ. ಎರಡೇ ಸೀಟು, ಟಾಪ್ ಮಡಚ್ಕೊಂಡು ಹೋಗಬಹುದು, ಹಿಂದಿನ ಚಕ್ರಕ್ಕೆ ಪವರ್ರು, ಹಳೇದಾದ್ರೆ ಊರಲ್ಲಿ ಒಂದು ಒಳ್ಳೆ ಬೈಕ್ ತಗೊಳ್ಳೋ ದುಡ್ಡಿಗೆ ಸಿಕ್ಕತ್ತೆ. ಇಂಜಿನ್ನು ಗೇರ್‌ಬಾಕ್ಸು ಗಟ್ಟಿ, ಟೈಮಿಗೆ ಆಯಿಲ್ ಹಾಕಿಸಿದ್ರೆ ಸುಮ್ನೆ ಓಡ್ತಾ ಇರತ್ತೆ. ಈ ಗಾಡಿನ ಗುಜರಿಗೆ ಕಳಿಸೋದು ಬಾಡಿ ತುಕ್ಕು. ಹಂಗಾಗಿ ನೋಡೋಕೆ ಹೋದಾಗ ಬಾನೆಟ್ ಎತ್ತಿ ಇಂಜಿನ್ ಸೌಂಡ್ ಕೇಳೋದು ಆಮೇಲೆ ಇಟ್ಕೊಳ್ಳಿ, ಮೊದ್ಲು ಮಂಡಿ ಊರಿ ಕೆಳಗೆ ನೋಡಿ.

ನಾವು ಊರಲ್ಲಿ ಸೆಕೆಂಡ್ ಹ್ಯಾಂಡ್ ನೋಡೋ ರೀತಿನೇ ಬೇರೆ. ಹೊಗೆ ಬರ್ತಿದ್ಯಾ, ಆಕ್ಸಿಡೆಂಟ್ ಆಗಿದ್ಯಾ, ಟಿಂಕರಿಂಗ್ ಆಗಿದ್ಯಾ, ಎಷ್ಟನೇ ಓನರು, ಅಷ್ಟೇ. ಮಂಗಳೂರು, ಕಾರವಾರ ಕಡೆಯೋರಿಗೆ ಉಪ್ಪು ಗಾಳಿ ತಗಡಿಗೆ ಏನ್ ಮಾಡತ್ತೆ ಅಂತ ಗೊತ್ತಿರತ್ತೆ, ಬೆಂಗಳೂರು ಮೈಸೂರು ಕಡೆಯೋರಿಗೆ ಇದು ಹೊಸದು. ಇಲ್ಲಿ ಚಳಿಗಾಲದಲ್ಲಿ ರೋಡ್ ಹೆಪ್ಪುಗಟ್ಟದೇ ಇರ್ಲಿ ಅಂತ ಕಲ್ಲುಪ್ಪು ಎರಚ್ತಾರೆ, ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೇ ಅಂತ ನೆಲದಡಿ ಗಣಿನೇ ಇದೆ. ಆ ಉಪ್ಪುನೀರು ಕಾರಿನ ಕೆಳಗೆಲ್ಲ ಹಾರಿ ಸಂದಿಗಳಲ್ಲಿ ಕೂರತ್ತೆ, ಉಪ್ಪಿಗೆ ಗಾಳಿಲಿರೋ ತೇವ ಎಳ್ಕೊಳ್ಳೋ ಗುಣ ಇರೋದ್ರಿಂದ ಮಳೆ ನಿಂತ್ಮೇಲೂ ಆ ಜಾಗ ಒಣಗಲ್ಲ.

ಇನ್ನೊಂದು ವಿಷಯ, ಮಾಮೂಲಿ ಕಾರಲ್ಲಿ ಮೇಲಿನ ರೂಫ್ ಕೂಡ ಬಾಡಿನ ಗಟ್ಟಿಯಾಗಿ ಹಿಡಿದಿಡತ್ತೆ. ಇದಕ್ಕೆ ರೂಫೇ ಇಲ್ಲ, ಹಾಗಾಗಿ ಕಾರು ಮಧ್ಯಕ್ಕೆ ಬಾಗದೇ ಇರೋ ಹಾಗೆ ತಡ್ಕೊಳ್ಳೋ ಕೆಲಸ ಹೆಚ್ಚುಕಮ್ಮಿ ಎಲ್ಲಾ ಬಾಗಿಲ ಕೆಳಗಿರೋ ಸಿಲ್‌ಗಳ ಮೇಲೆ ಬೀಳತ್ತೆ. ತುಕ್ಕು ಮೊದಲು ತಿನ್ನೋದೂ ಆ ಸಿಲ್‌ನೇ, ಅದೇ ಗ್ರಹಚಾರ.

ಯಾವ ಮಾಡೆಲ್ ಅಂತ ಮೊದಲು ಗುರುತು ಮಾಡ್ಕೊಳ್ಳಿ ಯಾಕಂದ್ರೆ ಹುಡುಕೋ ಜಾಗ ಬದಲಾಗತ್ತೆ. ಹೆಡ್‌ಲೈಟ್ ಮೇಲೆದ್ದು ನಿಲ್ಲೋದು ಮಾರ್ಕ್ 1, 1989ರಲ್ಲಿ ಬಂದಿದ್ದು. 1998ರಿಂದ 2005ರವರೆಗಿನದು ಮಾರ್ಕ್ 2, ಅದರಲ್ಲಿ 2001ರ ಆಚೆಯದನ್ನ ಇಲ್ಲಿಯೋರು ಎರಡೂವರೆ ಅಂತಾರೆ. 2005ರಿಂದ 2015ರವರೆಗೆ ಮಾರ್ಕ್ 3, ಆಮೇಲಿಂದು ಮಾರ್ಕ್ 4. ಇದು ಹೆಚ್ಚಾಗಿ ಮೊದಲ ಮೂರರ ಬಗ್ಗೆ.

ಕಾರು ನೋಡೋವಾಗ ತಲೇಲಿ ಎರಡೇ ಪ್ರಶ್ನೆ ಇರ್ಲಿ. ಒಂದು, ಇಲ್ಲಿಗೆ ನೀರು ಎಲ್ಲಿಂದ ಬಂತು, ಯಾಕೆ ಹೊರಗೆ ಹೋಗ್ಲಿಲ್ಲ. ಎರಡು, ಈ ತಗಡು ಬೋಲ್ಟ್ ಬಿಚ್ಚಿ ಬದಲಾಯಿಸೋ ಅಂಥದ್ದಾ ಅಥವಾ ಬಾಡಿಗೆ ವೆಲ್ಡ್ ಆಗಿರೋದಾ. ಬೋಲ್ಟಿಂದಾದ್ರೆ ಬೆಲೆ ಇಳಿಸೋಕೆ ಒಂದು ನೆಪ ಸಿಕ್ತು ಅಷ್ಟೇ, ವೆಲ್ಡಿಂದಾದ್ರೆ ಕೂತು ಲೆಕ್ಕ ಹಾಕ್ಬೇಕು. ಕೆಳಗೆ ಬರೋದೆಲ್ಲಾ ಈ ಎರಡರ ಮೇಲೇ ನಿಂತಿದೆ.

ಮನೆ ಬಿಡೋ ಮುಂಚೆ, ಖರ್ಚಿಲ್ದೆ

ನಂಬರ್ ಪ್ಲೇಟ್ ಹಾಕಿದ್ರೆ ಆ ಕಾರಿನ ಎಂಓಟಿ (ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಮಾಡ್ಸೋ ಕಡ್ಡಾಯ ತಪಾಸಣೆ) ಚರಿತ್ರೆ ಪೂರ್ತಿ ಸರ್ಕಾರದ ವೆಬ್‌ಸೈಟಲ್ಲಿ ಪುಕ್ಕಟೆ ಸಿಕ್ಕತ್ತೆ, 2005ರ ತನಕ ಹಿಂದಕ್ಕೆ ಹೋಗಬಹುದು. ಪಾಸ್ ಆಗಿದೆ ಅಂತ ನೋಡಿ ಮುಚ್ಚಬೇಡಿ, ಅಡ್ವೈಸರಿ (ಫೇಲ್ ಮಾಡುವಷ್ಟಲ್ಲದ ಎಚ್ಚರಿಕೆ) ಅಂತ ಬರ್ದಿರೋದನ್ನ ಹಳೇದರಿಂದ ಹೊಸದರ ಕಡೆಗೆ ಕಥೆ ಥರ ಓದಿ. ಒಂದು ವರ್ಷ ಸಿಲ್‌ನಲ್ಲಿ ತುಕ್ಕು ಶುರು, ಮುಂದಿನ ವರ್ಷ ಜಾಸ್ತಿಯಾಗಿದೆ, ಅದರ ಮುಂದಿನ ವರ್ಷ ಆ ಮಾತೇ ಇಲ್ಲ, ಅಂದ್ರೆ ಏನಾಯ್ತು? ಒಂದೋ ಸರಿಯಾಗಿ ವೆಲ್ಡ್ ಮಾಡ್ಸಿರ್ಬೇಕು, ಬಿಲ್ ಕೇಳಿ, ಇಲ್ಲಾಂದ್ರೆ ತುಕ್ಕಿನ ಮೇಲೆ, ಕಾರಿನ ಕೆಳಗೆ ಹಚ್ಚೋ ಕಪ್ಪು ರಕ್ಷಣಾ ಲೇಪ ಅಂದ್ರೆ ಅಂಡರ್‌ಸೀಲ್ ಬಳ್ದಿದಾರೆ. ಬೆಳಗ್ಗೆ ತುಕ್ಕಿನ ಕಾರಣಕ್ಕೆ ಫೇಲ್ ಆಗಿ ಅವತ್ತೇ ಸಂಜೆ ಪಾಸಾಗಿದ್ರೆ ಅದು ತೇಪೆ ವೆಲ್ಡಿಂಗ್, ಆತುರದ ಕೆಲಸ, ಆ ಜಾಗನ ಬರ್ದಿಟ್ಕೊಂಡು ಹೋಗಿ ಅದನ್ನೇ ಮೊದಲು ನೋಡಿ.

ಮಧ್ಯೆ ಮೂರ್ನಾಲ್ಕು ವರ್ಷ ಎಂಓಟಿನೇ ಇಲ್ಲ ಅಂದ್ರೆ ಕಾರು ಎಲ್ಲೋ ನಿಂತಿತ್ತು ಅಂತ. ಒಣ ಗ್ಯಾರೇಜಲ್ಲಿ ನಿಂತಿತ್ತಾ, ಮನೆ ಪಕ್ಕ ಹುಲ್ಲಿನ ಮೇಲೆ ನಿಂತಿತ್ತಾ ಅನ್ನೋದು ಭೂಮಿ ಆಕಾಶದ ವ್ಯತ್ಯಾಸ. ಕಮ್ಮಿ ಮೈಲೇಜ್ ಅಂತ ಮರುಳಾಗೋರು ಇದನ್ನ ಯೋಚನೆ ಮಾಡಲ್ಲ, ಕಮ್ಮಿ ಓಡಿದ್ರೆ ಇಂಜಿನ್ ಸವೆದಿರಲ್ಲ ನಿಜ, ತುಕ್ಕಿಗೆ ಓಡಿದ್ರೂ ಒಂದೇ ನಿಂತಿದ್ರೂ ಒಂದೇ, ಒದ್ದೆ ನೆಲದ ಮೇಲೆ ನಿಂತಿದ್ರೆ ಇನ್ನೂ ಜಾಸ್ತಿ. ನನ್ನ ಕೇಳಿದ್ರೆ ವರ್ಷಪೂರ್ತಿ ಓಡಿಸಿ, ಆಗಾಗ ಕೆಳಗೆ ತೊಳೆಸಿ, ಪ್ರತಿ ಬಿಲ್ ಇಟ್ಕೊಂಡಿರೋ ಲಕ್ಷ ಮೈಲಿ ಕಾರೇ ವಾಸಿ.

ಎಂಓಟಿ ಮಾಡೋನು ಏನನ್ನೂ ಬಿಚ್ಚೋ ಹಾಗಿಲ್ಲ, ಕೆಳಗಿನ ಪ್ಲಾಸ್ಟಿಕ್ ಟ್ರೇ ಕೂಡ ತೆಗೆಯಲ್ಲ, ಕಣ್ಣಿಗೆ ಕಾಣೋದನ್ನ ನೋಡಿ ತಟ್ಟಿ ಬರೀತಾನೆ. ಅದಕ್ಕೇ ಹೋದ ವಾರ ಪಾಸಾಗಿರೋ ಕಾರಲ್ಲೂ ಮುಚ್ಚಿರೋ ಜಾಗದಲ್ಲಿ ತೂತಿರಬಹುದು.

ಹೋಗೋವಾಗ ಏನೇನ್ ಬೇಕು

ಜೋರಾಗಿ ಬೆಳಕು ಬಿಡೋ ಟಾರ್ಚು, ಫ್ರಿಡ್ಜ್ ಮೇಲೆ ಅಂಟ್ಸೋ ಥರದ ಮೆತ್ತಗಿನ ಮ್ಯಾಗ್ನೆಟ್ಟು, ಮಲಗೋಕೆ ಹಳೇ ಚಾಪೆ, ಗ್ಲೌಸು, ಕಣ್ಣಿಗೆ ಕನ್ನಡಕ, ಒಂದು ಬಾಟ್ಲಿ ನೀರು, ಫೋನು. ಹಗಲಲ್ಲಿ ಹೋಗಿ, ಮಳೆ ಬಿದ್ದು ಕಾರು ಒದ್ದೆ ಇದ್ರೆ ಬಣ್ಣದ ತಪ್ಪು ಒಂದೂ ಕಾಣಲ್ಲ, ಇನ್ನೊಂದಿನ ಬರ್ತೀನಿ ಅನ್ನಿ.

ಒಂದು ಮಾತು ಈಗಲೇ ಹೇಳ್ಬಿಡ್ತೀನಿ. ಜಾಕಿ ಮೇಲೆ ನಿಂತಿರೋ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕ್ಬೇಡಿ, ಕೈ ಕೂಡ ಬೇಡ. ಜಾಕಿ ಕೊಡೋ ಜಾಗ ಇರೋದೇ ಸಿಲ್ ಅಂಚಲ್ಲಿ, ನೀವು ಅನುಮಾನ ಪಡ್ತಿರೋದೂ ಅದೇ ಸಿಲ್‌ನ. ಕೊಳೆತಿದ್ರೆ ಜಾಕಿ ಒಳಗೆ ನುಗ್ಗಿ ಕಾರು ಕೂತ್ಬಿಡತ್ತೆ. ನೆಲದ ಮೇಲೆ ಮಲ್ಕೊಂಡು ಪಕ್ಕದಿಂದ ಎಷ್ಟು ಕಾಣತ್ತೋ ಅಷ್ಟು ನೋಡಿ, ಒಳಗೆ ನೋಡ್ಬೇಕಂದ್ರೆ ಕಾರನ್ನ ಮೇಲೆತ್ತೋ ಗ್ಯಾರೇಜಿನ ರ‍್ಯಾಂಪ್‌ಗೆ ಹಾಕ್ಸಿ.

ಲಕ್ಷಣ: ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಮೂಲೆ ಹತ್ರ ಬಣ್ಣ ಗುಳ್ಳೆ ಎದ್ದಿದೆ

ಇದೇ ಈ ಕಾರಿನ ಹೆಸರುವಾಸಿ ಕಾಯಿಲೆ. ಗುಳ್ಳೆ ಚಿಕ್ಕದಿದೆ, ಉಜ್ಜಿ ಬಣ್ಣ ಹೊಡೆದ್ರೆ ಆಯ್ತು ಅಂತ ಮಾರೋನು ಹೇಳೇ ಹೇಳ್ತಾನೆ. ಕಬ್ಬಿಣ ತುಕ್ಕಾದ್ರೆ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ಳತ್ತೆ, ಆ ಒತ್ತಡಕ್ಕೇ ಬಣ್ಣ ಉಬ್ಬೋದು. ಈ ಜಾಗದಲ್ಲಿ ತುಕ್ಕು ಬರೋದು ಒಳಗಿಂದ, ಅಂದ್ರೆ ಗುಳ್ಳೆ ಹೊರಗೆ ಕಾಣೋ ಹೊತ್ತಿಗೆ ಒಳಗಡೆ ತಗಡು ಅರ್ಧ ಹೋಗಿರತ್ತೆ.

ನೀರು ಬರೋ ದಾರಿ ಹೇಳ್ತೀನಿ ಕೇಳಿ. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಹರಿದು ಟಾಪಿನ ಬುಡದಲ್ಲಿರೋ ಒಂದು ದೋಣಿಗೆ ಬೀಳತ್ತೆ, ಅಲ್ಲಿಂದ ಎರಡೂ ಕಡೆ ಸೀಟಿನ ಹಿಂದಿನ ಮೂಲೇಲಿರೋ ಡ್ರೇನ್ ತೂತಿಂದ ಇಳ್ದು ಹಿಂದಿನ ಚಕ್ರದ ಸ್ವಲ್ಪ ಮುಂದೆ ಕಾರಿನ ಕೆಳಗಿಂದ ಹೊರಗೆ ಹೋಗ್ಬೇಕು. ಮರದ ಕೆಳಗೆ ನಿಲ್ಸಿದ ಕಾರಲ್ಲಿ ಎಲೆ ಪುಡಿ, ಮಣ್ಣು, ಪಾಚಿ ಸೇರ್ಕೊಂಡು ಆ ತೂತು ಕಟ್ಕೊಳ್ಳತ್ತೆ. ಆಮೇಲೆ ನೀರು ದಾರಿ ತಪ್ಪಿ ಸಿಲ್ ಒಳಗೆ ನಿಲ್ಲತ್ತೆ. ಸಿಲ್ ಅಂದ್ರೆ ಒಂದೇ ಪದರ ಅಲ್ಲ, ಹೊರಗಿನ ತಗಡು, ಮಧ್ಯ ಬಲಪಡಿಸೋ ತಗಡು, ಒಳಗಿನದು, ಹಿಂಗೆ ಪದರ ಪದರ, ಅದರ ಸಂದಿಲಿ ಹೋದ ನೀರು ಸುಲಭಕ್ಕೆ ಆರಲ್ಲ.

ಮೊದಲ ಚೆಕ್ ಬೆರಳಿಂದ. ಗ್ಲೌಸ್ ಹಾಕ್ಕೊಂಡು ಸಿಲ್‌ನ ಹಿಂದಿನ ತುದಿ, ಕೆಳ ಅಂಚು, ಚಕ್ರದ ಗೂಡಿನ ಒಳಗೆ ಅದು ಹೋಗಿ ಸೇರೋ ಮೂಲೆ, ಇಷ್ಟನ್ನ ಹೆಬ್ಬೆರಳಲ್ಲಿ ಒತ್ತಿ. ಗಟ್ಟಿ ಇರ್ಬೇಕು. ಕರಕರ ಅಂದ್ರೆ, ಬಿಸ್ಕೆಟ್ ಥರ ಕುಸಿದ್ರೆ, ಅಲ್ಲಿ ತಗಡಿಲ್ಲ. ಸ್ಕ್ರೂಡ್ರೈವರ್ ಹಿಡ್ಕೊಂಡು ಚುಚ್ಚಕ್ಕೆ ಹೋಗ್ಬೇಡಿ, ಕಾರು ಇನ್ನೂ ನಿಮ್ದಲ್ಲ, ತೂತು ಬಿದ್ರೆ ಜಗಳ ಆಗತ್ತೆ.

ಎರಡನೇದು ನೀರಿನ ಟೆಸ್ಟು. ಮಾರೋನನ್ನ ಕೇಳ್ಕೊಂಡು, ಟಾಪ್ ಅರ್ಧ ಮಡಚಿ, ಸೀಟಿನ ಹಿಂದೆ ಮೂಲೇಲಿರೋ ಡ್ರೇನಿಗೆ ಬಾಟ್ಲಿ ನೀರನ್ನ ನಿಧಾನಕ್ಕೆ ಹಾಕಿ, ಇನ್ನೊಬ್ರು ಕೆಳಗೆ ನೋಡ್ತಾ ಇರ್ಲಿ. ಹಾಕಿದ ಹಾಗೇ ಹಿಂದಿನ ಚಕ್ರದ ಮುಂದೆ ಧಾರೆಯಾಗಿ ಸುರಿದ್ರೆ ಡ್ರೇನ್ ಸರಿ ಇದೆ. ತೊಟ್ಟಿಕ್ಕಿದ್ರೆ ಅರ್ಧ ಕಟ್ಟಿದೆ. ಬರಲೇ ಇಲ್ಲ ಅಂದ್ರೆ, ಅಥವಾ ಕಂದು ಬಣ್ಣದ ಪುಡಿ ಜೊತೆ ಬೇರೆ ಎಲ್ಲಿಂದಲೋ ಬಂದ್ರೆ, ವರ್ಷಗಟ್ಲೆ ಸಿಲ್ ಒಳಗೆ ನೀರು ನಿಂತಿದೆ ಅಂತ ಲೆಕ್ಕ. ಎರಡೂ ಸೈಡ್ ಮಾಡಿ, ಒಂದು ಚೆನ್ನಾಗಿದ್ದು ಇನ್ನೊಂದು ಕಟ್ಟಿರೋದು ಮಾಮೂಲು. ಕಾರು ನಿಮ್ದಾದ್ಮೇಲೆ ಡ್ರೇನ್ ಬಿಡಿಸೋವಾಗ ಗಟ್ಟಿ ತಂತಿ ತೂರಿಸ್ಬೇಡಿ, ಒಳಗಿನ ಪೈಪ್ ಹರಿದ್ರೆ ಇನ್ನೂ ಕಷ್ಟ, ಪರದೆ ಕಟ್ಟೋ ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ವೈರ್ ಸಾಕು.

ಸಿಲ್ ಕೊಳೆತಿದ್ರೆ ರಿಪೇರಿ ಆಗಲ್ಲ ಅಂತಲ್ಲ. ಕೊಳೆತಿರೋದನ್ನ ಗಟ್ಟಿ ತಗಡು ಸಿಗೋ ತನಕ ಕತ್ತರಿಸಿ, ಹೊಸ ತುಂಡಿಟ್ಟು ಪೂರ್ತಿ ಸುತ್ತ ವೆಲ್ಡ್ ಮಾಡಿ, ಒಳಗೆ ವ್ಯಾಕ್ಸ್ ಹಾಕ್ಬೇಕು. ಒಂದು ಸೈಡಿಗೇ ನೂರಾರು ಪೌಂಡ್, ಬಣ್ಣ ಬೇರೆ. ಸಾವಿರದೈನೂರು ಪೌಂಡಿನ ಕಾರಿಗೆ ಎರಡೂ ಸೈಡ್ ಮಾಡಿಸ್ಬೇಕಾದ್ರೆ ಲೆಕ್ಕ ನೀವೇ ಹಾಕಿ.

ಲಕ್ಷಣ: ಸಿಲ್ ತುಂಬಾ ಚೆನ್ನಾಗಿದೆ, ಜಾಸ್ತಿನೇ ಚೆನ್ನಾಗಿದೆ

ಇಪ್ಪತ್ತು ವರ್ಷದ ಕಾರಲ್ಲಿ ಸಿಲ್ ಮಾತ್ರ ಹೊಸ ಮದುಮಗಳ ಥರ ಹೊಳೀತಿದ್ರೆ ಅನುಮಾನ ಪಡಿ. ಮ್ಯಾಗ್ನೆಟ್‌ಗೆ ತೆಳ್ಳನೆ ಬಟ್ಟೆ ಸುತ್ತಿ ಮೇಲಿಂದ ಕೆಳಗೆ ಎಳ್ಕೊಂಡು ಬನ್ನಿ, ಒಂದೊಂದ್ ಕಡೆ ಹಿಡಿತ ಬಿಟ್ರೆ ಅಲ್ಲಿ ತಗಡಿನ ಮೇಲೆ ದಪ್ಪ ಪುಟ್ಟಿ ಇದೆ, ಅಥವಾ ತಗಡೇ ಇಲ್ದೆ ಬರೀ ಪುಟ್ಟಿ, ಫೈಬರ್ ಹಾಕಿದಾರೆ. ಪೇಂಟ್ ದಪ್ಪ ಅಳೆಯೋ ಮೀಟರ್ ಇದ್ರೆ ಇನ್ನೂ ಒಳ್ಳೇದು. ಕಂಪನಿ ಬಣ್ಣ ಸುಮಾರಾಗಿ ನೂರು ನೂರೈವತ್ತು ಮೈಕ್ರಾನ್ ಆಸುಪಾಸು ಇರತ್ತೆ, ಮತ್ತೊಮ್ಮೆ ಬಣ್ಣ ಹೊಡೆದಿದ್ರೆ ಅದರ ಎರಡು ಪಟ್ಟು ತೋರ್ಸತ್ತೆ, ಸಾವಿರ ದಾಟಿದ್ರೆ ಪುಟ್ಟಿನೇ. ಸಿಲ್ ಕೆಳಭಾಗಕ್ಕೆ ಕಲ್ಲೇಟು ತಡೆಯೋಕೆ ಕಂಪನಿಯೋರೇ ಒರಟು ಲೇಪ ಕೊಟ್ಟಿರ್ತಾರೆ, ಅಲ್ಲಿ ನಂಬರ್ ಜಾಸ್ತಿ ಬರೋದು ಸಹಜ, ಹಾಗಾಗಿ ನಂಬರ್‌ಗಿಂತ ಎಡಕ್ಕೂ ಬಲಕ್ಕೂ ಹೋಲ್ಸಿ ನೋಡೋದು ಮುಖ್ಯ.

ಮ್ಯಾಗ್ನೆಟ್ ಬಾನೆಟ್ಟಿಗೆ ಅಂಟ್ಲಿಲ್ಲ ಅಂತ ಗಾಬರಿ ಬೀಳ್ಬೇಡಿ, ಎಂಎಕ್ಸ್-5ಗೆ ಬಾನೆಟ್ ಮೊದಲಿಂದಲೂ ಅಲ್ಯೂಮಿನಿಯಮ್ಮು. ಮಾರ್ಕ್ 3ರ ಡಿಕ್ಕಿ ಬಾಗಿಲೂ ಅಷ್ಟೇ, ಮಾರ್ಕ್ 4ರಲ್ಲಿ ಮುಂದಿನ ಫೆಂಡರೂ ಅಲ್ಯೂಮಿನಿಯಮ್ಮೇ.

ಇನ್ನೊಂದು ಕಳ್ಳಾಟ ಇದೆ, ಕೊಳೆತ ಸಿಲ್‌ನ ತೆಗೀದೇ ಅದರ ಮೇಲೇ ಹೊಸ ತಗಡಿನ ಕವರ್ ಕೂರಿಸಿ ವೆಲ್ಡ್ ಮಾಡೋದು. ಹೊರಗಿಂದ ಒತ್ತಿದ್ರೆ ಗಟ್ಟಿ, ಒಳಗೆ ಕೊಳೆತ ಹಾಗೇ ಇದೆ. ಕಂಡುಹಿಡಿಯೋದು ಕೆಳ ಅಂಚಲ್ಲಿ. ಕಂಪನಿ ಸಿಲ್ ಆದ್ರೆ ತಗಡುಗಳು ಕೂಡೋ ಆ ಅಂಚಲ್ಲಿ ಸಮ ಅಂತರದಲ್ಲಿ ಸ್ಪಾಟ್ ವೆಲ್ಡಿನ ಚಿಕ್ಕ ಚಿಕ್ಕ ಗುಳಿ ಕಾಣತ್ತೆ. ಅದು ಕಾಣದೇ ಅಂಚು ದಪ್ಪಗಿದ್ರೆ, ಉದ್ದಕ್ಕೆ ಒಂದು ವೆಲ್ಡ್ ಗೆರೆ ಇದ್ರೆ, ನೀರು ಹೋಗೋ ಸಣ್ಣ ಕಂಡಿ ಮುಚ್ಚಿಹೋಗಿದ್ರೆ, ಅದು ಕವರ್ರು. ಕೆಲಸ ಮಾಡ್ಸಿದಾಗಿನ ಫೋಟೋ ಇದ್ಯಾ ಅಂತ ಕೇಳಿ. ಸರಿಯಾಗಿ ಮಾಡ್ಸಿದೋನು ಹೆಮ್ಮೆಯಿಂದ ತೋರಿಸ್ತಾನೆ.

ಲಕ್ಷಣ: ಹಿಂದಿನ ಚಕ್ರದ ಮೇಲಿನ ಕಮಾನು ಅಂಚು ಒರಟಾಗಿದೆ

ಚಕ್ರದ ಗೂಡಿನ ಅಂಚು ಒಳಕ್ಕೆ ಮಡಚಿರತ್ತೆ, ಅಲ್ಲಿ ಒಳಗಿನ ತಗಡೂ ಹೊರಗಿನ ತಗಡೂ ಸೇರೋದು. ಆ ಮಡಿಕೆ ಹಿಂದೆ ಮಣ್ಣು ಉಪ್ಪು ಕಟ್ಕೊಂಡು ಇಡೀ ಚಳಿಗಾಲ ಒದ್ದೆ ಇರತ್ತೆ. ಬೆರಳನ್ನ ಅಂಚಿನ ಒಳಗಡೆ ಇಟ್ಟು ಪೂರ್ತಿ ಸುತ್ತ ಸವರಿ, ತುಕ್ಕಿನ ತಗಡು ಬ್ಲೇಡ್ ಥರ ಇರೋದ್ರಿಂದ ಗ್ಲೌಸ್ ಇಲ್ದೆ ಬೇಡ, ಕುಯ್ದ್ರೆ ಟೆಟನಸ್ ಇಂಜೆಕ್ಷನ್ನಿಗೆ ಓಡ್ಬೇಕು. ನಯವಾಗಿದ್ರೆ ಸರಿ. ಹಕ್ಕಳೆ ಹಕ್ಕಳೆಯಾಗಿ ಉದುರಿದ್ರೆ ತುಕ್ಕು ಎರಡು ತಗಡಿನ ಮಧ್ಯ ಹೋಗಿದೆ. ಮಾರ್ಕ್ 3ರಲ್ಲಿ ಸಿಲ್‌ಗಿಂತ ಇದೇ ಜಾಗ ಮೊದಲು ನೋಡಿ.

ಗುಳ್ಳೆ ಅಂಚಲ್ಲಿ ಮಾತ್ರ ಇದ್ರೆ ಬೆಲೆ ಮಾತಾಡಿ. ಅಂಚು ಬಿಟ್ಟು ಮೇಲಕ್ಕೆ ಹಬ್ಬಿದ್ರೆ ಹೊರಗಿನ ತಗಡು ಕತ್ತರಿಸಿ ಹೊಸದು ಹಾಕೋ ಕೆಲಸ, ಅದೂ ಈ ಪ್ಯಾನೆಲ್ ಬೋಲ್ಟಿಂದಲ್ಲ, ವೆಲ್ಡಿಂದು.

ಲಕ್ಷಣ: ಮುಂದಿನ ಫೆಂಡರ್ ಕೆಳಗಡೆ, ಮುಂಚಕ್ರದ ಹಿಂದೆ ಗುಳ್ಳೆ

ನೋಡೋಕೆ ಅಸಹ್ಯ, ಆದ್ರೆ ಹೆದರೋ ಅಂಥದ್ದಲ್ಲ. ಫೆಂಡರ್ ಒಳಗೆ ಮಣ್ಣು ಕಟ್ಕೊಂಡು ಆಗೋದು, ಫೆಂಡರ್ ಬೋಲ್ಟ್ ಬಿಚ್ಚಿ ಹೊಸದು ಹಾಕಬಹುದು. ಅದರ ಹಿಂದೆ ಅಡಗಿರೋ ಸಿಲ್‌ನ ಮುಂತುದಿ ಗಟ್ಟಿ ಇದ್ಯಾ ಅಂತ ಟಾರ್ಚ್ ಹಾಕಿ ನೋಡ್ಕೊಳ್ಳಿ ಸಾಕು.

ಲಕ್ಷಣ: ಒಳಗೆ ಮುಗ್ಗಲು ವಾಸನೆ, ಕಾರ್ಪೆಟ್ ಒದ್ದೆ, ಡಿಕ್ಕಿಲಿ ನೀರು

ಕಾಲಿಡೋ ಜಾಗದ ಮ್ಯಾಟ್ ಎತ್ತಿ ಕಾರ್ಪೆಟ್‌ನ ಅಂಗೈಲಿ ಒತ್ತಿ. ಮೇಲೆ ಒಣಗಿದ್ರೂ ಕೆಳಗಿನ ಸ್ಪಂಜು ನೀರು ಕುಡಿದು ಕೂತಿರತ್ತೆ. ಸೀಟಿನ ಹಿಂದಿನ ಕಾರ್ಪೆಟ್ ಒದ್ದೆ ಅಂದ್ರೆ ಮತ್ತೆ ಅದೇ ಟಾಪ್ ಡ್ರೇನು, ಹಾಗಿದ್ರೆ ಸಿಲ್‌ನ ಇನ್ನೊಂದ್ಸಲ ಹುಷಾರಾಗಿ ನೋಡಿ. ಹಳೇ ಟಾಪ್ ಹರಿದು, ಕಿಟಕಿ ರಬ್ಬರ್ ಒಣಗಿ ಸೋರ್ತಿದ್ರೆ ಅದು ಸಣ್ಣ ಖರ್ಚು, ನೆಲದ ತಗಡು ಇನ್ನೂ ಗಟ್ಟಿ ಇದ್ರೆ.

ಡಿಕ್ಕಿಲಿ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಕೆಳಗೆ ನೋಡಿ. ನೀರು ಹೆಚ್ಚಾಗಿ ಹಿಂದಿನ ಲೈಟಿನ ರಬ್ಬರ್ ಸಂದಿಯಿಂದ ಬರತ್ತೆ. ಮಾರ್ಕ್ 1, ಮಾರ್ಕ್ 2ರಲ್ಲಿ ಬ್ಯಾಟರಿ ಇರೋದೂ ಡಿಕ್ಕಿಲೇ, ಅದಕ್ಕೆ ಹೊಗೆ ಹೊರಗೆ ಹೋಗೋ ಸಣ್ಣ ಪೈಪ್ ಇರ್ಬೇಕು. ಅಗ್ಗಕ್ಕೆ ಸಿಕ್ತು ಅಂತ ಪೈಪ್ ಇಲ್ದಿರೋ ಮಾಮೂಲಿ ಬ್ಯಾಟರಿ ಹಾಕಿದ್ರೆ ಆಸಿಡ್ ಹೊಗೆಗೇ ಸುತ್ತಲಿನ ಬಣ್ಣ ಎದ್ದು ತಗಡು ತಿಂದಿರತ್ತೆ. ಬ್ಯಾಟರಿ ಕೆಳಗೆ ಬಿಳಿ ಪುಡಿ ಕಂಡ್ರೆ ಬರಿಗೈಲಿ ಮುಟ್ಬೇಡಿ, ಅದು ಆಸಿಡ್ಡಿಂದ ಆಗಿರೋದು.

ಲಕ್ಷಣ: ಕೆಳಗೆಲ್ಲಾ ಹೊಸ ಕಪ್ಪು ಲೇಪ

ಕಪ್ಪು ಅಂಡರ್‌ಸೀಲ್ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ತಗಡು ತೊಳೆದು ಒಣಗಿಸಿ ತುಕ್ಕು ಕೆರೆದು ಹಾಕಿದ್ರೆ ಅದು ಕಾರಿನ ಆಯಸ್ಸು. ಮಾರೋಕೆ ಎರಡು ವಾರ ಮುಂಚೆ ತುಕ್ಕಿನ ಮೇಲೇ ಬಳಿದ್ರೆ ನೀರು ಒಳಗೇ ಸಿಕ್ಕಾಕ್ಕೊಂಡು ಇನ್ನೂ ಬೇಗ ಕೊಳೆಯತ್ತೆ, ಮೇಲಿಂದ ಮಾತ್ರ ಶೋಕಿ. ಉಗುರಲ್ಲಿ ಮೆಲ್ಲಗೆ ಒತ್ತಿ ನೋಡಿ, ಗಟ್ಟಿ ಟಾರ್ ಥರ ಇದ್ದು ಅಂಚು ಎದ್ದಿದ್ರೆ ಕೆಳಗೆ ನೀರು ಹೋಗಿದೆ. ಬೋಲ್ಟು, ಪೈಪು, ರಬ್ಬರ್ ಬುಷ್ಷು ಏನೂ ಬಿಡದೆ ಒಂದೇ ಸಮ ಬಳಿದಿದ್ರೆ ಅದು ಮುಚ್ಚೋ ಕೆಲಸ. ತುಕ್ಕಿಂದ ಕಾರು ಕಾಪಾಡೋ ಕೆಲಸದೋರು ಸಾಮಾನ್ಯವಾಗಿ ಅರೆಪಾರದರ್ಶಕ ವ್ಯಾಕ್ಸ್ ಇಷ್ಟ ಪಡ್ತಾರೆ ಯಾಕಂದ್ರೆ ಅದರಡಿ ತಗಡು ಕಾಣತ್ತೆ.

ಜಪಾನಿಂದ ಬಂದ ಕಾರುಗಳ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ. ಅಲ್ಲಿ ಮಾರ್ಕ್ 1ಗೆ ಯೂನೋಸ್ ರೋಡ್‌ಸ್ಟರ್ ಅಂತ ಹೆಸರು. ಈಗಷ್ಟೇ ಹಡಗಿಂದ ಇಳಿದಿರೋದು ಕೆಳಗೆ ಬಹಳ ಕ್ಲೀನಾಗಿರಬಹುದು. ಇಪ್ಪತ್ತು ವರ್ಷದ ಹಿಂದೆನೇ ಬಂದು ಇಲ್ಲಿನ ಉಪ್ಪಲ್ಲಿ ಓಡಿರೋದಕ್ಕೆ ಜಪಾನ್ ಕಾರು ಸಾರ್, ತುಕ್ಕೇ ಇಲ್ಲ ಅನ್ನೋ ಮಾತು ಅನ್ವಯ ಆಗಲ್ಲ, ಇಲ್ಲಿಗೆ ಬಂದ ದಿನ ಅಂಡರ್‌ಸೀಲ್ ಮಾಡ್ಸಿದ್ರಾ ಅಂತ ಕೇಳಿ.

ಲಕ್ಷಣ: ಮಾರ್ಕ್ 2, ಹೊರಗೆಲ್ಲಾ ಚೆನ್ನಾಗಿದೆ, ಬೆಲೆ ಮಾತ್ರ ಯಾಕೋ ಕಮ್ಮಿ

ಇಲ್ಲೇ ಜನ ದೊಡ್ಡದಾಗಿ ಸಿಕ್ಕಾಕ್ಕೊಳ್ಳೋದು. ಮಾರ್ಕ್ 2ರಲ್ಲಿ ಇಂಜಿನ್ ಎರಡೂ ಪಕ್ಕ ಮುಂದಕ್ಕೆ ಚಾಚಿರೋ ಚಾಸಿ ರೈಲಿಗೆ ಢಿಕ್ಕಿಯಾದಾಗ ತಡ್ಕೊಳ್ಳಲಿ ಅಂತ ಒಳಗೆ ಹೆಚ್ಚುವರಿ ತಗಡಿನ ಪದರ ಸೇರ್ಸಿದಾರೆ. ಐಡಿಯಾ ಒಳ್ಳೇದೇ, ಆದ್ರೆ ಪದರಗಳ ನಡುವೆ ನೀರು ಉಪ್ಪು ಹೋದ್ರೆ ಹೊರಗೆ ಬರೋ ದಾರಿ ಸರಿಯಾಗಿಲ್ಲ, ಒಳಗೇ ತುಕ್ಕು ಉಬ್ಬಿ ಪದರಗಳನ್ನ ಬೇರೆ ಮಾಡತ್ತೆ. ಕೆಳಗೆ ಪ್ಲಾಸ್ಟಿಕ್ ಟ್ರೇ ಮುಚ್ಚಿರೋದ್ರಿಂದ ಮಾಲೀಕನಿಗೂ ಗೊತ್ತಿರಲ್ಲ, ಎಂಓಟಿಯೋನೂ ಟ್ರೇ ಬಿಚ್ಚಲ್ಲ. ಬಣ್ಣ ಹೊಳೀತಿರೋ, ಸಿಲ್ ಹೊಸದಾಗಿ ಮಾಡ್ಸಿರೋ ಕಾರಲ್ಲೂ ಇದು ಇರಬಹುದು.

ಸ್ಟಿಯರಿಂಗ್ ಪೂರ್ತಿ ತಿರುಗ್ಸಿ, ಹ್ಯಾಂಡ್‌ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿ, ಚಕ್ರದ ಹಿಂದಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. ಬಾನೆಟ್ ಎತ್ತಿ ಮೇಲಿಂದಲೂ ಇಣುಕಿ. ಮುಂದಿನ ಆಂಟಿ ರೋಲ್ ಬಾರಿನ (ತಿರುವಲ್ಲಿ ಕಾರು ವಾಲದಂತೆ ತಡೆಯೋ ಅಡ್ಡ ಕಂಬಿ) ಬ್ರಾಕೆಟ್ ಕೂತಿರೋ ಆಸುಪಾಸಲ್ಲಿ ರೈಲಿನ ಕೆಳಭಾಗ ಚಪ್ಪಟೆಯಾಗಿ ನೇರಕ್ಕೆ ಇರ್ಬೇಕು. ಹೊಟ್ಟೆ ಉಬ್ಬಿದ ಹಾಗೆ ಕಂಡ್ರೆ, ಕೂಡುವಿಕೆ ಬಾಯಿ ಬಿಟ್ಟಿದ್ರೆ, ಕಂದು ಹಕ್ಕಳೆ ಟ್ರೇ ಒಳಗೆ ಬಿದ್ದಿದ್ರೆ, ಒಳಗಿನ ಪದರ ಹೋಗಿದೆ. ಏನೂ ಕಾಣ್ಲಿಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ಲ, ಇನ್ನೂ ನೋಡಿಲ್ಲ ಅಂತ ಅರ್ಥ. ಮಾರ್ಕ್ 2 ಆದ್ರೆ ಗ್ಯಾರೇಜಲ್ಲಿ ಮೇಲೆತ್ತಿ ಟ್ರೇ ಬಿಚ್ಚಿಸದೆ ದುಡ್ಡು ಕೊಡ್ಲೇಬೇಡಿ. ಮಾರೋನು ಟ್ರೇ ಬಿಚ್ಚೋದು ಬೇಡ ಅಂದ್ರೆ ಅವನ ಹತ್ರ ಇನ್ನು ಮಾತಿಲ್ಲ, ಮನೆಗೆ ಹೊರಡಿ.

ಇದರ ರಿಪೇರಿ ಸಿಲ್‌ಗಿಂತ ಸೂಕ್ಷ್ಮ, ಯಾಕಂದ್ರೆ ಮುಂದಿನ ಸಸ್ಪೆನ್ಷನ್ನು ಸ್ಟಿಯರಿಂಗು ಎಲ್ಲಾ ನಿಂತಿರೋದು ಇಲ್ಲೇ. ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್, ಸೀಟ್ ಬೆಲ್ಟ್ ಹಿಡಿದಿರೋ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಬಲ ಕಳ್ಕೊಂಡಿದ್ರೆ ಎಂಓಟಿಲಿ ಫೇಲ್. ಪುಟ್ಟಿ, ಫೈಬರ್, ಅಂಟು ಏನೂ ನಡಿಯಲ್ಲ.

ಲಕ್ಷಣ: ಸಬ್‌ಫ್ರೇಮ್, ಬೋಲ್ಟ್, ಬ್ರೇಕ್ ಪೈಪ್ ಎಲ್ಲಾ ಕಂದುಬಣ್ಣ

ಸಬ್‌ಫ್ರೇಮ್ ಅಂದ್ರೆ ಸಸ್ಪೆನ್ಷನ್ ಹಿಡಿದಿರೋ ಕಬ್ಬಿಣದ ಚೌಕಟ್ಟು. ದಪ್ಪ ಕಬ್ಬಿಣದ ಮೇಲೆ ತೆಳ್ಳನೆ ಕಂದು ಪುಡಿ ಇರೋದು ಈ ದೇಶದಲ್ಲಿ ಮಾಮೂಲು, ಅದಕ್ಕೆ ಓಡಿ ಹೋಗ್ಬೇಡಿ. ಪದರ ಏಳ್ತಿದ್ರೆ, ತಟ್ಟಿದಾಗ ಠಣ್ ಅನ್ನದೆ ಡಬ್ ಅಂದ್ರೆ ಅದು ಬೇರೆ ವಿಷಯ. ಚಕ್ರದ ಅಲೈನ್‌ಮೆಂಟ್ ಮಾಡೋ ಬೋಲ್ಟ್‌ಗಳು ಬುಷ್ ಒಳಗೇ ತುಕ್ಕು ಹಿಡ್ದು ಅಂಟ್ಕೊಳ್ಳೋದು ಈ ಕಾರಲ್ಲಿ ಸರ್ವೇಸಾಮಾನ್ಯ, ಟೈರು ಒಂದೇ ಪಕ್ಕ ಸವೆದಿದ್ರೆ ಅದನ್ನ ಅನುಮಾನ ಪಡಿ. ಕತ್ತರಿಸಿ ತೆಗೀಬೇಕು, ಹೊಸ ಬೋಲ್ಟು ಬುಷ್ಷು ಹಾಕ್ಬೇಕು, ಕೂಲಿನೇ ಜಾಸ್ತಿ.

ಬ್ರೇಕ್ ಪೈಪ್ ಮಾತ್ರ ಆಟ ಅಲ್ಲ. ಮೇಲೆ ಗುಳಿ ಬಿದ್ದು, ದಪ್ಪ ಕಮ್ಮಿಯಾದ ಹಾಗೆ ಕಂಡ್ರೆ, ಎಲ್ಲಾದ್ರೂ ಒದ್ದೆ ಇದ್ರೆ, ಟೆಸ್ಟ್ ಡ್ರೈವ್ ಕೂಡ ಬೇಡ. ಕೈಲಿ ಅಲ್ಲಾಡಿಸಿ ನೋಡೋಕೂ ಹೋಗ್ಬೇಡಿ, ಮುರಿದ್ರೆ ಬ್ರೇಕೇ ಇಲ್ಲ.

ಲಕ್ಷಣ: ಬಾಗಿಲ ಸಂದಿ ಸಮ ಇಲ್ಲ

ಬಾಗಿಲ ಹಿಂದಿನ ಅಂಚಿನ ಸಂದಿ ಮೇಲೆ ಕಿರಿದು ಕೆಳಗೆ ಅಗಲ ಇದ್ದು, ಬಾಗಿಲು ಎತ್ತಿ ಹಾಕಿದ್ರೇನೇ ಕೂರೋದು ಅಂದ್ರೆ, ಮೊದಲು ಹಿಂಜು ಅಲ್ಲಾಡ್ತಿದ್ಯಾ ನೋಡಿ, ಅದು ಸಣ್ಣ ವಿಷಯ. ಹಿಂಜು ಗಟ್ಟಿ ಇದ್ದೂ ಹಿಂಗಿದ್ರೆ ಕಾರು ಮಧ್ಯ ಬಾಗಿದೆ, ಅಥವಾ ಸಿಲ್ ಕತ್ತರಿಸೋವಾಗ ಬಾಡಿಗೆ ಸಪೋರ್ಟ್ ಕೊಡದೆ ವೆಲ್ಡ್ ಮಾಡಿದಾರೆ. ಇದನ್ನ ಸರಿಮಾಡೋದು ದುಡ್ಡಿನ ಲೆಕ್ಕದಲ್ಲಿ ಅರ್ಥ ಇಲ್ಲದ್ದು. ಬಿಟ್ಬಿಡಿ.

ಎಲ್ಲಿ ನಿಲ್ಲಿಸ್ಬೇಕು, ಯಾರಿಗೆ ತೋರಿಸ್ಬೇಕು

ಸಿಲ್ ಬೆರಳಿಗೆ ಕುಸಿದ್ರೆ, ಮುಂದಿನ ರೈಲು ಉಬ್ಬಿದ್ರೆ, ಸೀಟ್ ಬೆಲ್ಟ್ ಬುಡದಲ್ಲಿ ತುಕ್ಕು ಹಕ್ಕಳೆ ಇದ್ರೆ, ನಿಮ್ಮ ಚೆಕಿಂಗ್ ಅಲ್ಲಿಗೆ ಮುಗೀತು. ಗಾಡಿ ಆದ್ರೂ ಬೇಕೇ ಬೇಕು ಅನ್ನಿಸಿದ್ರೆ ಎಂಎಕ್ಸ್-5 ಕೆಲಸನೇ ಮಾಡೋ ವೆಲ್ಡರ್ ಹತ್ರ ತೋರ್ಸಿ, ಬರಹದಲ್ಲಿ ಎಸ್ಟಿಮೇಟ್ ತಗೊಂಡು ಆಮೇಲೆ ಬೆಲೆ ಮಾತಾಡಿ. ಕೊಳೆತ ಕತ್ತರಿಸಿದ್ಮೇಲೆ ಒಳಗೆ ಇನ್ನಷ್ಟು ಸಿಗೋದು ಗ್ಯಾರಂಟಿ, ಎಸ್ಟಿಮೇಟಿಗಿಂತ ಜಾಸ್ತಿ ಆಗತ್ತೆ ಅಂತಲೇ ಇಟ್ಕೊಳ್ಳಿ. ಮನೇಲೇ ವೆಲ್ಡ್ ಮಾಡ್ತೀನಿ ಅನ್ನೋ ಧೈರ್ಯ ಬೇಡ, ಹಿಂದಿನ ಸಿಲ್ ಹತ್ರನೇ ಪೆಟ್ರೋಲ್ ಪೈಪು ಟ್ಯಾಂಕು ಇದೆ, ಅಂಡರ್‌ಸೀಲೂ ವ್ಯಾಕ್ಸೂ ಬೆಂಕಿ ಹಿಡಿಯತ್ತೆ.

ಬರೀ ಅನುಮಾನ ಇದ್ರೆ ಮಾರೋನ ಮನೆ ಹತ್ರದ ಎಂಓಟಿ ಗ್ಯಾರೇಜಿಗೆ ಫೋನ್ ಮಾಡಿ, ಅರ್ಧ ಗಂಟೆ ರ‍್ಯಾಂಪ್ ಮೇಲೆ ಹಾಕಿ ಕೆಳಗೆ ನೋಡೋಕೆ ಎಷ್ಟು ಅಂತ ಕೇಳಿ. ಕಾರಿನ ಪೂರ್ತಿ ಎಂಓಟಿಗೇ ಗರಿಷ್ಠ 54.85 ಪೌಂಡು, ಹೊಸದಾಗಿ ಎಂಓಟಿನೇ ಮಾಡ್ಸಿ ನಾನು ದುಡ್ಡು ಕೊಡ್ತೀನಿ ಅಂದ್ರೂ ನಡಿಯತ್ತೆ, ಟ್ರೇ ಬಿಚ್ಚೋಕೆ ಮಾತ್ರ ಬೇರೆಯಾಗಿ ಹೇಳ್ಬೇಕು.

ಡೀಲರ್ ಹತ್ರ ತಗೊಂಡ್ರೆ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ದೊಡ್ಡ ದೋಷ ಇದ್ರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಡೀಲರ್ ಅಲ್ಲದ ಖಾಸಗಿ ಮಾಲೀಕರ ಹತ್ರ ನೇರ ತಗೊಂಡ್ರೆ ಆ ರಕ್ಷಣೆ ಇಲ್ಲ, ಅವ್ರು ಹೇಳಿದ್ದು ಸುಳ್ಳು ಅಂತ ನೀವೇ ತೋರಿಸ್ಬೇಕು. ಹಾಗಾಗಿ ಜಾಹೀರಾತಲ್ಲಿ ತುಕ್ಕಿಲ್ಲ ಅಂತ ಬರ್ದಿದ್ರೆ ಅದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ವೆಲ್ಡಿಂಗ್ ಆಗಿದ್ಯಾ ಅನ್ನೋ ಪ್ರಶ್ನೆನ ಫೋನಲ್ಲಿ ಕೇಳ್ದೆ ಮೆಸೇಜಲ್ಲಿ ಕೇಳಿ, ಉತ್ತರನೂ ಮೆಸೇಜಲ್ಲೇ ಬರ್ಲಿ.